ಡೀಸೆಲ್ ಎಂಜಿನ್ನಿನ ಎಡಗಡೆಯ ಸೀಟು

ಮಾನ್ಯ ರೈಲ್ವೆ ವಿಭಾಗಾಧಿಕಾರಿಗಳೇ,

ಅಲಬಾಮಾದ ಈ ದಾರಿಯಲ್ಲಿ ಇಪ್ಪತ್ತೆರಡು ವರ್ಷ ನಿಮ್ಮ ಉಗಿ ಎಂಜಿನ್ನಿಗೆ ಕಲ್ಲಿದ್ದಲು ಎಸೆದ ನನ್ನನ್ನು ತಿಂಗಳ ಕೊನೆಗೆ ಇಳಿಸಿ, ಹೊಸ ಡೀಸೆಲ್ಲಿನ ಎಡಗಡೆಯ, ಡ್ರೈವರ್ ಪಕ್ಕದ ಫೈರ್‌ಮನ್ ಸೀಟನ್ನು ಬಿಳಿಯ ಡ್ವೈಟ್ ಪೆಟಸ್‌ಗೆ ಕೊಟ್ಟಿದ್ದೀರಿ. ಅವನು ಸೇರಿ ಎಂಟು ತಿಂಗಳು. ಕೆಲಸ ಕಲಿಸಿದವನು ನಾನು. ಶೆಡ್ಡಿನ ಗೋಡೆಯ ನೋಟೀಸಿನಲ್ಲಿ ಕಾರಣವೂ ಇದೆ: ಡೀಸೆಲ್ಲಿಗೆ ‘ಬಡ್ತಿಗೆ ಅರ್ಹರು’ ಮಾತ್ರ. ನಮ್ಮಂಥ ಕರಿಯರಿಗೆ ಡ್ರೈವರ್ ಬಡ್ತಿ ಇಲ್ಲವೆಂದವರು ನೀವೇ. ಬಡ್ತಿ ಸಿಗದವನೆಂದು ಈಗ ಇಳಿಸುವವರೂ ನೀವೇ. ಮೂರನೇ ತರಗತಿಗೇ ಶಾಲೆ ಬಿಟ್ಟವನ ತಲೆಗೆ ಇಷ್ಟು ಸೂಕ್ಷ್ಮ ಹತ್ತುವುದಿಲ್ಲ. ಝಳ, ಮಸಿ, ಬೊಬ್ಬೆ ಇದ್ದಷ್ಟು ದಿನ ಅದು ನಮ್ಮ ಕೆಲಸ. ಮೆತ್ತನೆ ಸೀಟು ಬಂದ ದಿನವೇ ಅದಕ್ಕೆ ಅರ್ಹತೆ ಹುಟ್ಟಿತೇ?

ಪತ್ರಿಕೆಗೂ ಕಳಿಸುವ ಈ ಬಹಿರಂಗ ಪತ್ರ ಬರೆಯಲೋ ಬೇಡವೋ ಎಂದು ನಾಲ್ಕು ದಿನ ಹೊಯ್ದಾಡಿದೆ. ಪತ್ರಿಕೆಯಲ್ಲಿ ಹೆಸರು ಬಂದರೆ ರಾತ್ರಿ ಯಾರು ಬಾಗಿಲಿಗೆ ಬರುತ್ತಾರೋ, ಕಾಗುಣಿತ ತಪ್ಪಿದರೆ ನೀವು ಅದನ್ನೇ ಹಿಡಿದು ನಗುತ್ತೀರೋ. ನನ್ನ ಹೆಂಡತಿ ಅರ್ಡೀಲಿಯಾ, “ಹೊಟ್ಟೆಕಿಚ್ಚು ನಿಂಗೆ, ಬೇರೇನಿಲ್ಲ. ಆ ಪೆಟಸ್ ಹೆಸರೆತ್ತಿದ್ರೆ ಬಾಯಿಗಿಟ್ಟ ತುತ್ತೂ ಕೆಳಗಿಡ್ತೀಯ,” ಎಂದಳು.

ನಿಜ. ಅವನು ಹೊಸ ಕೈಗವಸು ಹಾಕಿಕೊಂಡು ಡೀಸೆಲ್ಲಿನ ಗಾಜು ಒರೆಸುತ್ತಿದ್ದುದನ್ನು ಕಂಡು ಕರುಳು ಉರಿಯಿತು. ಹೋದ ತಿಂಗಳು ಕೋಲ್ಬರ್ನ್ ಏರಿನಲ್ಲಿ ಅವನು ಒಲೆಯ ನಡುವಿಗೇ ಕಲ್ಲಿದ್ದಲು ರಾಶಿ ಸುರಿದು ಬೆಂಕಿಯ ಉಸಿರು ಕಟ್ಟಿಸಿದ. ಉಗಿ ಇಳಿಯತೊಡಗಿತು. ರೈಲು ನಿಲ್ಲಲಿ, ಅವನ ಮಾನ ಹೋಗಲಿ ಎಂದು ಎರಡು ನಿಮಿಷ ಕೈಕಟ್ಟಿ ನಿಂತೆ. ದೇವರು ಕ್ಷಮಿಸಲಿ. ಆಮೇಲೆ ತಡೆಯಲಾರದೆ ಸಲಿಕೆ ಕಿತ್ತುಕೊಂಡೆ.

“ಬದುಕಿಸ್ದೆ ಕಣೋ ಹುಡುಗಾ,” ಎಂದ. ಅವನಿಗೆ ಇಪ್ಪತ್ತಮೂರು, ನನಗೆ ನಲವತ್ತೇಳು. ಏರು ಹತ್ತಿಸಿದ್ದಕ್ಕೆ ನೀವು ಮೆಚ್ಚುಗೆ ಪತ್ರ ಕೊಟ್ಟಿರಿ. ಅವನಿಗೆ.

ನನಗೆ ಎಂಜಿನ್ ಓಡಿಸಲು ಬರುವುದಿಲ್ಲವೇ? ಡ್ರೈವರ್ ಹ್ಯಾಸ್ಕ್ಯೂ ಅವರಿಗೆ ಸೊಂಟನೋವು. ಊರು ದಾಟಿದೊಡನೆ, “ಲೂಶಿಯಸ್, ಬಾ, ಹಿಡ್ಕೋ. ಸಿಗ್ನಲ್ ಕೈಮರ ಕಂಡ್ರೆ ಎಬ್ಬಿಸು,” ಎಂದು ನನ್ನ ಎಡಗಡೆಯ ಸೀಟಿಗೆ ಒರಗುತ್ತಿದ್ದರು. ಒಲೆಗೂ ಓಡಿ, ವೇಗದ ಹಿಡಿಗೂ ಓಡಿ ಆರು ವರ್ಷ ಎಂಜಿನ್ ನಡೆಸಿದೆ. ನಿಲ್ದಾಣದ ಕೈಮರ ಕಂಡೊಡನೆ ಜಾಗ ಬದಲು. ಪ್ಲಾಟ್‌ಫಾರ್ಮಿನಲ್ಲಿ ಟೊಪ್ಪಿ ಎತ್ತಿದವರೆಲ್ಲ ಅವರಿಗೇ ಎತ್ತಿದರು. ಅದಕ್ಕೂ ಹೊಟ್ಟೆ ಉರಿದಿದೆ. ಅವರು ತೀರಿಕೊಂಡಿದ್ದಾರೆ, ಅದಕ್ಕೇ ಹೇಳುತ್ತಿದ್ದೇನೆ. ಹೇಳಬಾರದಿತ್ತೇನೋ.

ಈಗ ಇಳಿಯುವ ಮೊದಲು ಪೆಟಸ್‌ಗೆ ಡೀಸೆಲ್ ಓಡುವ ದಾರಿಯ ತಿರುವು, ಇಳಿಜಾರುಗಳನ್ನೆಲ್ಲ ನಾನೇ ತೋರಿಸಿಕೊಡಬೇಕೆಂದೂ ನೋಟೀಸು ಹೇಳುತ್ತದೆ. ಅನರ್ಹನಿಂದ ಅರ್ಹನಿಗೆ ಪಾಠ!

ನನ್ನ ಬೇಡಿಕೆ ಇಷ್ಟೇ. ಸೋಮವಾರ ಪರೀಕ್ಷಕರನ್ನು ಕರೆಸಿ. ನಮ್ಮಿಬ್ಬರನ್ನೂ ಅಕ್ಕಪಕ್ಕ ಕೂರಿಸಿ ಪ್ರಶ್ನೆ ಕೇಳಿ. ಸೋತರೆ ನಾನೇ ಇಳಿಯುತ್ತೇನೆ. ಗೆದ್ದರೆ ಸೀಟು ನನ್ನದು. ಆದರೆ ಅಲ್ಲಿಯವರೆಗೆ ಅವನಿಗೆ ಕಲಿಸುವ ಕೆಲಸದಿಂದ ನನ್ನನ್ನು ಬಿಡಿ. ಅವನ ಬಾಯಲ್ಲೂ ನನ್ನ ಉತ್ತರಗಳೇ ಬಂದರೆ, ಗೆದ್ದವನು ಯಾರೆಂದು ಹೇಗೆ ಹೇಳುತ್ತೀರಿ?

ಇಂತಿ,
ನಿಮ್ಮ ಅರ್ಹರೆಲ್ಲರ ಅನರ್ಹ ಮೇಷ್ಟ್ರು,
ಲೂಶಿಯಸ್ ಟಾರ್ವರ್
ಫೈರ್‌ಮನ್, ಈ ತಿಂಗಳ ಕೊನೆಯವರೆಗೆ