ಉಪ್ಪು ತೆಗೆದ ಮೇಲೆ

ತರೀಕೆರೆ ಕಾಡಂಚಿನಿಂದ
ಗುರುವಾರ, ೧೩ ಫೆಬ್ರವರಿ ೨೦೨೫

ನಮ್ಮ ಅಲ್ಫಿಯಾಳ ಅಬ್ಬಾ ಅವರಿಗೆ ಶಹನಾಜ್ ಮಾಡುವ ಸಲಾಂ.

ಫೋನಿನಲ್ಲಿ ಮಾತು ಶುರುವಾದರೆ ಸಾಕು, ಇಬ್ಬರದೂ ದನಿ ಏರುತ್ತದೆ. ಅದಕ್ಕೇ ಬರೆದು, ನಮ್ಮ ಡ್ರೈವರ್ ಕಾಂತರಾಜನ ಕೈಯಲ್ಲಿ ಕಳಿಸುತ್ತಿದ್ದೇನೆ. ಲಾಡ್ಜ್ ಮಾರಿ ಕಡೂರಿಗೆ ಬಂದುಬಿಡು, ನಮ್ಮ ಸೂಫಿಯಾ ಅಕ್ಕನ ಬೇಕರಿ ನೋಡಿಕೊಂಡು ಇರೋಣ ಎಂದಿರಿ. ನಾನು ಬರುವುದಿಲ್ಲ. ಮೊದಲೇ ಹೇಳಿಬಿಟ್ಟರೆ ನಿಮಗೂ ಓದುವುದು ಸಲೀಸು.

ಹಿತ್ತಲ ಬೇಲಿಯ ಹತ್ತಿರ ನೀವು ಇಡುತ್ತಿದ್ದ ಉಪ್ಪಿನ ಗಡ್ಡೆ, ಅದರ ಮೇಲೆ ಬಿಡುತ್ತಿದ್ದ ದೊಡ್ಡ ಲೈಟು, ಎರಡನ್ನೂ ನಾನು ತೆಗೆಸಿದ ದಿನವೇ ನೀವು ಬ್ಯಾಗ್ ಎತ್ತಿಕೊಂಡು ಹೊರಟಿರಿ. ನಿಮ್ಮ ಸಿಟ್ಟು ಅರ್ಥವಾಗದೆ ಇಲ್ಲ. ಉಪ್ಪು ನೆಕ್ಕಲು ಕಡವೆ ಬಂದರೆ ಅತಿಥಿಗಳು ಜಗುಲಿಯಲ್ಲೇ ಕೂತು ಫೋಟೋ ತೆಗೆಯುತ್ತಿದ್ದರು. ರೂಮು ಖಾಲಿ ಇರುತ್ತಿರಲಿಲ್ಲ. ಆದರೆ ಕಡವೆಯ ಹಿಂದೆಯೇ ಚಿರತೆಯೂ ಬಂತು, ಪಕ್ಕದ ಹೊಲದ ತಿಮ್ಮಕ್ಕನ ಕೊಟ್ಟಿಗೆಯಿಂದ ಕರು ಎಳೆದುಕೊಂಡು ಹೋಯಿತು. ಆ ಮುದುಕಿ ಖಾಲಿ ಹಗ್ಗ ಹಿಡಿದು ನಮ್ಮ ಗೇಟಿನ ಮುಂದೆ ನಿಂತಿದ್ದಳು. ನೀವು ಆಗ ಅತಿಥಿಗಳಿಗೆ ಚಿರತೆಯ ಹೆಜ್ಜೆ ಗುರುತು ತೋರಿಸುತ್ತಿದ್ದಿರಿ.

ಕಳೆದ ಭಾನುವಾರ ದಾವಣಗೆರೆಯಿಂದ ಒಂದು ಕುಟುಂಬ ಬಂತು. ಇಲ್ಲಿ ಚಿರತೆ ಬೇಲಿವರೆಗೂ ಬರುತ್ತದಂತೆ, ಹೌದೇ ಎಂದು ಕೇಳಿದರು. ನಾವೇ ಪ್ರಾಣಿಗಳಿಗೆ ಆಸೆ ತೋರಿಸಿ ಕರೆಯುವುದನ್ನು ಬಿಟ್ಟಿದ್ದೇವೆ, ಬೆಳಿಗ್ಗೆ ಅರಣ್ಯ ಇಲಾಖೆಯ ಸಫಾರಿಗೆ ಹೋಗಿ, ಅದೃಷ್ಟವಿದ್ದರೆ ಕಾಣುತ್ತದೆ ಎಂದೆ.

“ಏನೂ ಕಾಣ್ದೇ ಇರೋಕೆ ಇಷ್ಟು ದೂರ ಬರ್ಬೇಕಿತ್ತೇನ್ರೀ?” ಎಂದು ಆ ಕುಟುಂಬದ ಯಜಮಾನರು ನಕ್ಕು, ಟೀ ಕೂಡ ಕುಡಿಯದೆ ಕಾರು ತಿರುಗಿಸಿದರು. ಅವರಿಗೆಂದು ಮಾಡಿದ್ದ ಅಡುಗೆಯನ್ನು ನಾನೂ ಕಾಂತರಾಜನೂ ಮರುದಿನವೂ ಉಂಡೆವು.

ಆ ಭಾನುವಾರ ಸಂಜೆಯೇ ತಿಮ್ಮಕ್ಕ ಸೆರಗಿನಲ್ಲಿ ಅವರೆಕಾಯಿ ತಂದಳು. ಹೊಸ ಕರು ತಂದಿದ್ದಾಳೆ, ಅದನ್ನೀಗ ಭಯವಿಲ್ಲದೆ ಅಂಗಳದಲ್ಲೇ ಕಟ್ಟುತ್ತಾಳಂತೆ. ಹೊರಡುವಾಗ, “ನೀನೊಬ್ಳೇ ಹೆಂಗಿರ್ತೀಯವ್ವ?” ಎಂದಳು.

ಕೆಲಸವೇ ಮುಗಿಯುವುದಿಲ್ಲ ಎಂದೆ. ಸೋಲಾರ್ ಒರೆಸಬೇಕು, ಬಚ್ಚಲ ನೀರನ್ನು ಬಾಳೆಗಿಡಕ್ಕೆ ತಿರುಗಿಸಬೇಕು, ಎಷ್ಟು ಹೇಳಿದರೂ ಜನ ಬಿಸಾಕಿ ಹೋಗುವ ಬಾಟಲಿಗಳನ್ನು ಹೆಕ್ಕಿ ಊರಿಗೆ ಸಾಗಿಸಬೇಕು. ಎಲ್ಲ ಕೇಳಿಸಿಕೊಂಡು, “ನಾನು ಕೆಲ್ಸದ ವಿಷ್ಯ ಕೇಳ್ಲಿಲ್ಲ,” ಎಂದು ಹೊರಟುಹೋದಳು.

ಈಗ ಕಡವೆ ಕೂಗುವುದು ಕಾಡಿನೊಳಗೆ, ಬಹಳ ದೂರದಲ್ಲಿ. ಹಾಗೇ ಇರಬೇಕಾದದ್ದು. ಕೂಗು ಬಂದಾಗ “ಕೇಳಿಸ್ತಾ?” ಎಂದು ಪಕ್ಕಕ್ಕೆ ತಿರುಗಿಬಿಡುತ್ತೇನೆ. ಜಗುಲಿಯ ತುಂಬ ಖಾಲಿ ಕುರ್ಚಿಗಳು.

ಉಪ್ಪನ್ನು ಮತ್ತೆ ಇಡುವುದಿಲ್ಲ. ಉಳಿದದ್ದೆಲ್ಲವನ್ನೂ ಕೂತು ಮಾತಾಡಬಹುದು. ನಾನು ಚೆನ್ನಾಗಿದ್ದೇನೆ, ಚಿಂತೆ ಮಾಡಬೇಡಿ.

ನಿಮ್ಮ
ಶಹನಾಜ್

ತಾ.ಕ.: ಶನಿವಾರ ದಿನಸಿ ತರಲು ಕಡೂರಿಗೆ ಬರುತ್ತಿದ್ದೇನೆ. ಮಧ್ಯಾಹ್ನದವರೆಗೂ ಬಸ್ ಸ್ಟ್ಯಾಂಡಿನಲ್ಲೇ ಇರುತ್ತೇನೆ, ಅಕ್ಕನಿಗೆ ಹೇಳಬೇಡಿ. ದಿನಸಿ ತರೀಕೆರೆಯಲ್ಲೇ ಸಿಗುತ್ತದೆಂದು ನಿಮಗೂ ಗೊತ್ತು.