ಸೀಲ ಮತ್ತು ಸೀಲು

ಜುಲೈ 4, ಗುರುವಾರ. ಬೆಳಿಗ್ಗೆ 5.40
ಇವತ್ತೂ ಕೂತೆ. ಇಪ್ಪತ್ತು ನಿಮಿಷ. ಉಸಿರು ಮೂಗಿನಲ್ಲಿ, ಮನಸ್ಸು ನೇಕಾರರ ಸೊಸೈಟಿಯಲ್ಲಿ. ಶಿಬಿರದಲ್ಲಿ ಕೊಲ್ಲಬಾರದು, ಸುಳ್ಳಾಡಬಾರದು ಎಂಬಂಥ ಬುದ್ಧನ ಐದು ನಿಯಮ ತೆಗೆದುಕೊಂಡು ಆರು ವರ್ಷ ಆಯಿತು. ಈಗ ಉಳಿದಿರುವುದು ಕಣ್ಣು ಮುಚ್ಚುವುದೊಂದೇ.

ಜುಲೈ 7, ಭಾನುವಾರ
ಕಾರಿಮಂಗಲಂ. ಸೇಲಂನಿಂದ ಎರಡು ಬಸ್ಸು. ಧ್ಯಾನ ಕಲಿಸುವ ಮೇಷ್ಟ್ರು ಗೋವಿಂದರಾಜು ವಾತ್ಯಾರ್ ಮನೆ ಮಹಡಿ, ಧ್ಯಾನಕ್ಕೆ ಹನ್ನೊಂದು ಜನ. ಮನಸ್ಸು ನಿಲ್ಲುತ್ತಿಲ್ಲ ಸಾರ್ ಅಂದೆ.

"ಮೊದಲ್ಲೆ ಸೀಲ. ಅಪ್ಪುರಂದಾನ್ ಅಮೈದಿ."

ಮೊದಲು ಸೀಲ, ಶಾಂತಿ ಆಮೇಲೆ, ಅಂದರು ತಮಿಳಿನಲ್ಲಿ. ಇವರಿಗೆ ಯಾರು ಹೇಳಿದರು? ... ಪಾಳಿ ಭಾಷೆಯಲ್ಲಿ ಶೀಲವನ್ನು, ಅಂದರೆ ಆ ಐದು ನಿಯಮವನ್ನು, ಹಾಗೆ ಅನ್ನುತ್ತಾರಂತೆ. ನನಗೆ ಕೇಳಿಸಿದ್ದು ನನ್ನ ಟೇಬಲ್ ಮೇಲಿನ ಸೀಲು — 'ಕೈಮಗ್ಗ' ಎಂದು ಒತ್ತುವುದು. ವಾಪಸ್ ಬರುವ ಬಸ್ಸಿನಲ್ಲಿ ಒಬ್ಬಳೇ ನಕ್ಕೆ. ಧರ್ಮಪುರಿ ದಾಟುವ ಹೊತ್ತಿಗೆ ನಗು ನಿಂತಿತ್ತು.

ಜುಲೈ 8
ಬರೆದುಬಿಡುತ್ತೇನೆ. ನೇಕಾರರ ಸೊಸೈಟಿಯಲ್ಲಿ ಪಂಚೆ ನೋಡಿ ಸೀಲು ಒತ್ತುವವಳು ನಾನು. ಎರಡು ವರ್ಷದಿಂದ ಸುಬ್ಬರಾಯಪ್ಪಣ್ಣ ತರುವುದು ಪವರ್‌ಲೂಮ್ ಪಂಚೆ. ಅಂಚು ನೋಡಿದರೇ ಗೊತ್ತು, ಆದರೂ ಒತ್ತುತ್ತೇನೆ. ಒಡಹುಟ್ಟಿದ ಅಣ್ಣ. ಎಡಗಾಲು ಬಿದ್ದುಹೋದ ಮೇಲೆ ಮಗ್ಗ ತುಳಿಯಲಾಗುವುದಿಲ್ಲ. ದುಡ್ಡಿಗಾಗಿ ಅಲ್ಲ, ಮಕ್ಕಳು ನೋಡಿಕೊಳ್ಳುತ್ತಾರೆ. ಬೀದಿಯಲ್ಲಿ ನೇಕಾರ ಅನ್ನಿಸಿಕೊಳ್ಳಬೇಕು, ಅಷ್ಟೇ.

ನಾನು ಇರುವೆ ಕೂಡ ಕೊಲ್ಲುವುದಿಲ್ಲ. ಸುಳ್ಳು ಮಾತ್ರ ತಿಂಗಳಿಗೆ ಎಂಟು ಪಂಚೆ.

ಜುಲೈ 11. ಮಧ್ಯಾಹ್ನ
ಇನ್ನು ಒತ್ತುವುದಿಲ್ಲ ಅಂದೆ. ಅಣ್ಣ ಕೂಗಾಡಲಿಲ್ಲ. ಪಂಚೆಗಳನ್ನು ಒಂದೊಂದಾಗಿ ಚೀಲಕ್ಕೆ ತುಂಬಿಕೊಂಡ.

"ಕಾಲು ಓಯ್ತು, ಸರಿ. ಕೈ ಐತಲ್ಲ ಭುವನಾ."

ಹೊರಟುಹೋದ. ಊಟ ಸೇರಲಿಲ್ಲ. ಅಮೈದಿ ಎಲ್ಲಿ, ವಾತ್ಯಾರೇ?

ಜುಲೈ 28
ಅಣ್ಣನ ಸುಳಿವಿಲ್ಲ. ಅತ್ತಿಗೆ ರಾಮಕ್ಕ ತರಕಾರಿ ಅಂಗಡಿಯಲ್ಲಿ ಸಿಕ್ಕಳು, ನೋಡದವಳ ಹಾಗೆ ಹೋದಳು. ಬೆಳಿಗ್ಗೆ ನಲವತ್ತು ನಿಮಿಷ ಕೂತೆ. ಮನಸ್ಸು ಎಲ್ಲೂ ಹೋಗಲಿಲ್ಲ. ಅವರು ಅಲ್ಲಿ ಹಾಗಿರುವಾಗ ನಾನು ಇಲ್ಲಿ ಹೀಗೆ... ನಾಚಿಕೆಯಾಯಿತು.

ಆಗಸ್ಟ್ 19. ಸೊಸೈಟಿ, 11.20
ಇಲ್ಲೇ ಬರೆಯುತ್ತಿದ್ದೇನೆ. ಪ್ಯಾಡ್ ಒಣಗಿದೆ, ಕ್ಲರ್ಕ್ ಶರಣ್ಯ ಇಂಕ್ ಹುಡುಕುತ್ತಿದ್ದಾಳೆ. ಎದುರಿನ ಬೆಂಚಿನಲ್ಲಿ ಅಣ್ಣ, ಅತ್ತಿಗೆ.

ಒಂದೇ ಪಂಚೆ ತಂದಿದ್ದಾನೆ. ಬೆಳಕಿಗೆ ಹಿಡಿದೆ. ಎರಡು ಕಡೆ ಎಳೆ ಹೋಗಿದೆ, ಅಂಚು ವಾಲಿದೆ. ಪವರ್‌ಲೂಮ್ ಇಂಥ ತಪ್ಪು ಮಾಡುವುದಿಲ್ಲ. ಕಣ್ಣು ತುಂಬಿತು. ಸೀಲಿಗೆ ಕೈ ಹಾಕಿದರೆ ಅವನೇ ತಡೆದ.

"ಇರು. ಪೆಡಲ್ ತುಳಿದಿದ್ದು ನಿಮ್ಮತ್ತಿಗೆ, ಪಕ್ಕದಾಗೆ ಕೂತ್ಕಂಡು. ಕೈ ಮಾತ್ರ ನಂದು. ಸೀಲು ಬೀಳ್ತೈತಾ?"

ಕೈಮಗ್ಗ ಅಂತಷ್ಟೇ ಸೀಲಿನಲ್ಲಿ ಇರುವುದು, ಕಾಲು ಯಾರದೆಂದು ಕೇಳುವುದಿಲ್ಲ ಅಂದೆ. ಅತ್ತಿಗೆ ನಕ್ಕಳು. ರಿಜಿಸ್ಟರಿನಲ್ಲಿ 'ಎರಡನೇ ದರ್ಜೆ' ಎಂದು ಬರೆದೆ. ಅಣ್ಣ ಬಗ್ಗಿ ಓದಿ, ನಿಜಾನೇ ಅಂದ.

ಇಂಕ್ ಬಂತು. ಬಟ್ಟೆ ಜರುಗದ ಹಾಗೆ ಹಿಡಿದುಕೋ ಅಂದೆ. ಎರಡೂ ಕೈ ಹರಡಿ ಅಣ್ಣ ಪಂಚೆ ಹಿಡಿದಿದ್ದಾನೆ. ಪೆನ್ನು ಇಟ್ಟು ಸೀಲು ತೆಗೆದುಕೊಳ್ಳುತ್ತೇನೆ.