ಅಪ್ಪ ನೀರೆಳೆಯುತ್ತಿದ್ದ ರೀತಿ

ಶುಕ್ರವಾರ, ೧೬ ಜನವರಿ ೧೯೪೨
ಹೈದರಾಬಾದು

ಅವ್ವನ ಪತ್ರಕ್ಕೆ ಇಂದೂ ಉತ್ತರ ಬರೆದಿಲ್ಲ. ಅಪ್ಪ ತೀರಿಕೊಂಡು ಐದು ತಿಂಗಳಾಯಿತು. ಅವನ ಹರಿಗೋಲಿನ ಹುಟ್ಟನ್ನು ಈಗ ಜನರನ್ನು ಹೊಳೆ ದಾಟಿಸುವ ದುರುಗಪ್ಪ ಕಾಕಾನಿಗೆ ಕೊಡಲೇ ಎಂದು ಬರೆಸಿದ್ದಾಳೆ. ನನಗೆ ಮನಸ್ಸಿರಲಿಲ್ಲ.

ಕಾಲೇಜಿಗೆ ರಜೆ. ಹಾಸ್ಟೆಲಿನ ಗೆಳೆಯರು ಹುಸೇನ್ ಸಾಗರಕ್ಕೆ ಎಳೆದುಕೊಂಡು ಹೋದರು. ದೋಣಿ ಹತ್ತಿದೊಡನೆ ಕುಕನೂರಿನ ವೆಂಕೋಬ ಹುಟ್ಟನ್ನು ನನ್ನ ಕೈಗಿಟ್ಟು, "ನೀ ಹನುಮನಹಳ್ಳಿ ಅಂಬಿಗರ ಮಗ, ನೀನ ನಡಸು" ಎಂದ. ಅಪ್ಪ ಹೋದ ಮೇಲೆ ಹುಟ್ಟು ಮುಟ್ಟಿರಲಿಲ್ಲ. ಮುಂದೆ ನಿಂತು, ಅವನ ಹಾಗೆಯೇ ನೀರನ್ನು ನನ್ನ ಕಡೆಗೆ ಎಳೆದೆ. ದುಂಡನೆಯ ಹರಿಗೋಲಾದರೆ ಹಾಗೆಯೇ ಸಾಗುತ್ತದೆ. ಈ ಉದ್ದ ದೋಣಿ ಮೂತಿ ತಿರುಗಿಸಿ, ಬಿಟ್ಟು ಬಂದ ದಡಕ್ಕೇ ಹೋಗಿ ಬಡಿಯಿತು.

"ಭಲೇ ಅಂಬಿಗ, ಹತ್ತಿದ ದಂಡ್ಯಾಗ ಇಳಸಿದಿ ನೋಡು" ಎಂದ ವೆಂಕೋಬ.

ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆ. ಐದು ತಿಂಗಳಲ್ಲಿ ಇದೇ ಮೊದಲು. ಆಮೇಲೆ ಸಂಜೆಯವರೆಗೆ ನಾನೇ ನಡೆಸಿದೆ.

ಅಪ್ಪ ಕಲಿಸಿದ್ದು ಕೈಯಲ್ಲಿಯೇ ಇದೆ. ಮನೆಯ ಜಂತಿಗೆ ಸಿಕ್ಕಿಸಿಟ್ಟರೆ ಅವನ ಹುಟ್ಟು ಒಣಗಿ ಸೀಳು ಬಿಡುತ್ತದೆ. ಕಾಕಾನಿಗೆ ಕೊಡು ಎಂದು ಅವ್ವನಿಗೆ ನಾಳೆ ಬರೆಯುತ್ತೇನೆ. ಇನ್ನು ಪೆನ್ನು ಹಿಡಿಯಲು ಆಗುತ್ತಿಲ್ಲ, ಅಂಗೈಯಲ್ಲಿ ಗುಳ್ಳೆ ಎದ್ದಿದೆ. ಅಪ್ಪನಿಗೂ ಅಲ್ಲಿಯೇ ಜಡ್ಡುಗಟ್ಟಿತ್ತು.